ಕಾರಿನಲ್ಲಿ ಮೊದಲ ಕ್ಯಾಂಪಿಂಗ್: ಟೆಂಟ್ ಆರಿಸುವುದು ಹೇಗೆ?

"ನಾವು ನಾಲ್ಕು ಜನ, ಕಾರಿನಲ್ಲೇ ಹೋಗ್ತೀವಿ, ಯಾವ ಟೆಂಟ್ ತಗೊಳ್ಳೋದು?" ಹೊಸದಾಗಿ ಕ್ಯಾಂಪಿಂಗ್‌ಗೆ ಹೊರಟವರೆಲ್ಲ ಕೇಳುವ ಪ್ರಶ್ನೆ ಇದು. ಉತ್ತರವಾಗಿ ಒಂದು ಮಾಡೆಲ್‌ನ ಹೆಸರು ಹೇಳಿಬಿಟ್ಟರೆ ನಿಮಗೆ ಉಪಯೋಗವಾಗುವುದಿಲ್ಲ. ನಿಮ್ಮ ಹಾಸಿಗೆಯ ಅಗಲ, ನಿಮ್ಮಲ್ಲಿ ಎಲ್ಲರಿಗಿಂತ ಉದ್ದ ಇರುವವರ ಎತ್ತರ, ಕಾರಿನ ಡಿಕ್ಕಿಯ ಅಳತೆ, ಹೋಗುವ ಕಾಲದ ಮಳೆ-ಗಾಳಿ ಗೊತ್ತಾದರೆ ಅರ್ಧ ಆಯ್ಕೆ ಅಲ್ಲೇ ಮುಗಿಯುತ್ತದೆ. ಉಳಿದರ್ಧಕ್ಕೆ ಟೆಂಟಿನ ಯಾವ ಭಾಗ ಯಾಕೆ ಇದೆ ಎಂದು ತಿಳಿದಿದ್ದರೆ ಸಾಕು.

ಮೊದಲೇ ಒಂದು ಮಾತು. ಟೆಂಟ್ ಹೊತ್ತು ನಡೆಯುವವರಿಗೆ ಗ್ರಾಂ ಗ್ರಾಂ ಲೆಕ್ಕ. ತೂಕ ಇಳಿಸಲು ಅವರು ಜಾಗವನ್ನೂ ಬಟ್ಟೆಯ ಗಟ್ಟಿತನವನ್ನೂ ಬಿಟ್ಟುಕೊಟ್ಟು, ಮೇಲೆ ಹೆಚ್ಚು ಹಣವನ್ನೂ ಕೊಡುತ್ತಾರೆ. ನಿಮ್ಮ ಟೆಂಟನ್ನು ಕಾರು ಹೊರುತ್ತದೆ. ಆದ್ದರಿಂದ "ಹಗುರ" ಎಂಬ ಜಾಹೀರಾತಿಗೆ ಒಂದು ಪೈಸೆಯನ್ನೂ ಹೆಚ್ಚು ಕೊಡಬೇಡಿ. ಆ ಹಣ ದಪ್ಪ ತಳ, ಗಟ್ಟಿ ಪೋಲ್ (ಟೆಂಟನ್ನು ಎತ್ತಿ ನಿಲ್ಲಿಸುವ ಕೋಲು), ಪೂರ್ತಿ ಮುಚ್ಚುವ ಮಳೆಹೊದಿಕೆಗೆ ಹೋಗಲಿ.

ಅಂಗಡಿಗೆ ಹೋಗುವ ಮೊದಲು, ಅಥವಾ ಆನ್‌ಲೈನ್‌ನಲ್ಲಿ ಹುಡುಕುವ ಮೊದಲು, ಒಂದು ಅಳತೆ ಟೇಪು, ಒಂದು ಕಾಗದ, ಅಂಟು ಟೇಪಿನ ಒಂದು ಸುರುಳಿ ತೆಗೆದಿಟ್ಟುಕೊಳ್ಳಿ. ಈ ಕೆಲಸ ಮನೆಯ ನೆಲದ ಮೇಲೆ ಶುರುವಾಗುತ್ತದೆ.

1. "ಎಷ್ಟು ಜನರದ್ದು" ಎಂಬ ಸಂಖ್ಯೆಯನ್ನು ನಂಬಬೇಡಿ, ತಳ ಅಳೆಯಿರಿ

ಡಬ್ಬದ ಮೇಲೆ "4 ಜನರ ಟೆಂಟ್" ಎಂದಿದ್ದರೆ ಅದರ ಅರ್ಥ, ಸುಮಾರು 51 ಸೆಂ.ಮೀ. ಅಗಲದ ನಾಲ್ಕು ತೆಳು ಮ್ಯಾಟ್‌ಗಳು ಪಕ್ಕಪಕ್ಕದಲ್ಲಿ ಹಿಡಿಸುತ್ತವೆ ಎಂದಷ್ಟೇ. ಲೆಕ್ಕ ಹಾಕಿ ನೋಡಿ: 51ರ ನಾಲ್ಕು ಪಟ್ಟು 204 ಸೆಂ.ಮೀ. ತಳದ ಅಗಲ 210 ಆದರೆ ಉಳಿಯುವುದು 6 ಸೆಂ.ಮೀ. ಬ್ಯಾಗು, ಬಟ್ಟೆ, ನೀರಿನ ಬಾಟಲಿ, ರಾತ್ರಿ ಎದ್ದು ಹೊರಗೆ ಹೋಗುವವರ ಕಾಲು, ಯಾವುದಕ್ಕೂ ಜಾಗವಿಲ್ಲ. ಇದು ಸುಳ್ಳು ಲೆಕ್ಕವೇನಲ್ಲ, ಆದರೆ ಬೆಟ್ಟದ ಮೇಲೆ ಒಂದು ರಾತ್ರಿ ಕಳೆಯುವವರ ಲೆಕ್ಕ. ಎರಡು ದಿನ ಆರಾಮವಾಗಿ ಇರಬೇಕೆಂದು ಹೊರಟ ಕುಟುಂಬಕ್ಕೆ ಅದು ಹೊಂದುವುದಿಲ್ಲ.

ಹಾಗಾಗಿ ಮಲಗುವವರ ಸಂಖ್ಯೆಗೆ ಎರಡು ಸೇರಿಸಿ. ಇಬ್ಬರಿದ್ದರೆ 4 ಜನರ ಟೆಂಟ್, ನಾಲ್ವರಿದ್ದರೆ 6 ಜನರದ್ದು. ಸಣ್ಣ ಮಕ್ಕಳಿದ್ದರೆ ಅವರನ್ನೂ ಪೂರ್ತಿ ಒಬ್ಬರೆಂದೇ ಎಣಿಸಿ. ನಿದ್ದೆಯಲ್ಲಿ ಹೊರಳುವ ಮಗುವಿಗೆ ದೊಡ್ಡವರಿಗಿಂತ ಹೆಚ್ಚು ಜಾಗ ಬೇಕಾಗುತ್ತದೆ.

ಆದರೂ ಕೊನೆಯ ತೀರ್ಮಾನ ಸೆಂಟಿಮೀಟರ್‌ನದ್ದೇ ಆಗಲಿ. 4 ಜನರ ಟೆಂಟಿನ ತಳ ಹೆಚ್ಚುಕಡಿಮೆ 240 x 210 ಸೆಂ.ಮೀ. ಇರುತ್ತದೆ, 6 ಜನರದ್ದು 300 x 270ರ ಆಸುಪಾಸು. ಕಂಪನಿಯಿಂದ ಕಂಪನಿಗೆ ಇದು ಬದಲಾಗುತ್ತದೆ. ನಿಮಗೆ ಇಷ್ಟವಾದ ಟೆಂಟಿನ ತಳದ ಅಳತೆಯನ್ನು ಮನೆಯ ನೆಲದ ಮೇಲೆ ಅಂಟು ಟೇಪಿನಿಂದ ಗುರುತು ಮಾಡಿ. ಅದರೊಳಗೆ ನೀವು ಒಯ್ಯುವ ಹಾಸಿಗೆಗಳನ್ನೇ ಹಾಸಿ, ಬ್ಯಾಗುಗಳನ್ನು ಇಟ್ಟು, ಎಲ್ಲರೂ ಮಲಗಿ ನೋಡಿ. ಹತ್ತು ನಿಮಿಷದ ಈ ಕೆಲಸ ಮಾಡದೆ ಕೊಂಡು ಆಮೇಲೆ ಹಿಂದಿರುಗಿಸಲು ಒದ್ದಾಡುವವರು ಬಹಳ ಜನ.

ಗಾಳಿ ತುಂಬುವ ದೊಡ್ಡ ಹಾಸಿಗೆ ಬಳಸುವವರು ಇನ್ನೂ ಒಂದು ವಿಷಯ ಗಮನಿಸಬೇಕು. ಇಬ್ಬರು ಮಲಗುವ ಕ್ವೀನ್ ಅಳತೆಯ ಹಾಸಿಗೆ ಸುಮಾರು 203 x 152 ಸೆಂ.ಮೀ. ಇರುತ್ತದೆ. ಅದು 240 x 210ರ ತಳದಲ್ಲಿ ಹಿಡಿಸುತ್ತದೆ, ಸರಿ. ಆದರೆ ಗುಮ್ಮಟದ ಆಕಾರದ ಟೆಂಟಿನಲ್ಲಿ ಗೋಡೆ ನೆಲದಿಂದಲೇ ಒಳಕ್ಕೆ ವಾಲಿರುತ್ತದೆ. ಹಾಸಿಗೆ 25 ಸೆಂ.ಮೀ. ದಪ್ಪವಿದ್ದರೆ ಅದರ ಮೇಲೆ ಮಲಗಿದವರ ತಲೆ, ಕಾಲು ಆ ವಾಲಿದ ಬಟ್ಟೆಗೆ ತಗುಲುತ್ತವೆ. ಒಳಗೋಡೆಯನ್ನು ಒತ್ತಿ ಹೊರಹೊದಿಕೆಗೆ ಮುಟ್ಟಿಸಿದರೆ ಅಲ್ಲಿರುವ ತೇವ ನೇರವಾಗಿ ಸ್ಲೀಪಿಂಗ್ ಬ್ಯಾಗ್‌ಗೆ ಇಳಿಯುತ್ತದೆ. ಬೆಳಿಗ್ಗೆ ಕಾಲಿನ ಕಡೆ ಒದ್ದೆಯಾಗಿದ್ದು, "ಟೆಂಟ್ ಸೋರುತ್ತಿದೆ" ಎಂಬ ದೂರು ಬಂದಾಗ ಬಹಳ ಸಲ ಕಾರಣ ಇದೇ. ತೆಳು ಮ್ಯಾಟ್ ಬಳಸುವವರಿಗೆ ತಮ್ಮ ಎತ್ತರಕ್ಕಿಂತ 30 ಸೆಂ.ಮೀ. ಹೆಚ್ಚು ಉದ್ದದ ತಳ ಸಾಕು. ದಪ್ಪ ಹಾಸಿಗೆಯಾದರೆ 45-50 ಸೆಂ.ಮೀ. ಹೆಚ್ಚಿರಲಿ, ಇಲ್ಲವೇ ಗೋಡೆ ನೆಟ್ಟಗೆ ಏಳುವ ಆಕಾರವನ್ನೇ ಆರಿಸಿ.

2. ಡಿಕ್ಕಿಗೆ ಹಿಡಿಸುತ್ತದೆಯೇ?

ಮಡಚಿದ ಟೆಂಟಿನ ಉದ್ದವನ್ನು ಕೇಳಿ ತಿಳಿದುಕೊಳ್ಳಿ. ಸಾಮಾನ್ಯ ಗುಮ್ಮಟದ ಟೆಂಟ್ 60-70 ಸೆಂ.ಮೀ. ಉದ್ದದ ಚೀಲದಲ್ಲಿ ಕೂರುತ್ತದೆ. ಪೋಲ್‌ಗಳು ಮೊದಲೇ ಜೋಡಿಸಿಕೊಂಡಿರುವ "ಇನ್‌ಸ್ಟಂಟ್" ಟೆಂಟ್‌ಗಳು ಒಂದು ಮೀಟರ್‌ಗೂ ಉದ್ದವಾಗಿರುತ್ತವೆ, ಅವು ಸಣ್ಣ ಕಾರಿನ ಡಿಕ್ಕಿಯಲ್ಲಿ ಅಡ್ಡಡ್ಡ ಕೂರುವುದು ಕಷ್ಟ. ತಾನಾಗಿ ಬಿಚ್ಚಿಕೊಳ್ಳುವ ಪಾಪ್-ಅಪ್ ಟೆಂಟ್ ಮಡಚಿದಾಗ 80-90 ಸೆಂ.ಮೀ. ಅಡ್ಡಳತೆಯ ಚಪ್ಪಟೆ ತಟ್ಟೆಯಾಗುತ್ತದೆ. ಡಿಕ್ಕಿಯ ಬಾಗಿಲಿನ ಅಗಲವನ್ನೂ ಅಳೆಯಿರಿ. ಒಳಗೆ ಜಾಗವಿದ್ದು ಬಾಗಿಲು ಕಿರಿದಾದರೆ ಪ್ರಯೋಜನವಿಲ್ಲ. ಹಾಸಿಗೆ, ಸ್ಟೌ, ನೀರಿನ ಕ್ಯಾನು, ಊಟದ ಸಾಮಾನು ಎಲ್ಲವೂ ಅದೇ ಡಿಕ್ಕಿಗೇ ಹೋಗಬೇಕು ಎಂಬುದು ನೆನಪಿರಲಿ.

3. ಆಕಾರ ಆರಿಸಿ

ಗುಮ್ಮಟದ ಟೆಂಟ್: ಎರಡು ಪೋಲ್‌ಗಳು ನೆತ್ತಿಯಲ್ಲಿ ಒಂದನ್ನೊಂದು ದಾಟಿ ನಿಲ್ಲುತ್ತವೆ. ಗೂಟ ಹೊಡೆಯುವ ಮೊದಲೇ ತನ್ನಷ್ಟಕ್ಕೆ ನಿಲ್ಲುವುದರಿಂದ ಎತ್ತಿ ಬೇರೆಡೆಗೆ ಸರಿಸಬಹುದು. ಗಾಳಿಗೆ ಚೆನ್ನಾಗಿ ತಡೆಯುತ್ತದೆ. 4 ಜನರದ್ದು ನೆತ್ತಿಯಲ್ಲಿ 130-150 ಸೆಂ.ಮೀ. ಇರುತ್ತದೆ, ಬಗ್ಗಿಯೇ ಓಡಾಡಬೇಕು.

ಕ್ಯಾಬಿನ್ ಟೆಂಟ್: ಗೋಡೆಗಳು ನೆಟ್ಟಗೆ, ಎತ್ತರ 180 ಸೆಂ.ಮೀ. ದಾಟುತ್ತದೆ, ನಿಂತು ಬಟ್ಟೆ ಬದಲಿಸಬಹುದು. ಮಂಡಿ ನೋವಿರುವವರು, ವಯಸ್ಸಾದವರು ಜೊತೆಗಿದ್ದರೆ ಇದರ ಬೆಲೆ ಗೊತ್ತಾಗುತ್ತದೆ. ಆದರೆ ನೆಟ್ಟಗಿನ ಗೋಡೆ ಗಾಳಿಗೆ ಎದೆಯೊಡ್ಡಿ ನಿಲ್ಲುತ್ತದೆ. ದೊಡ್ಡ ಕೊಂಬೆಗಳು ಅಲುಗಾಡುವ, ಕೊಡೆ ಹಿಡಿಯಲು ಕಷ್ಟವಾಗುವ ಗಾಳಿಯ ವೇಗ ಗಂಟೆಗೆ ಸುಮಾರು 40-50 ಕಿ.ಮೀ. ಮುನ್ಸೂಚನೆಯಲ್ಲಿ ಅಷ್ಟು ಗಾಳಿಯಿದ್ದರೆ ಎತ್ತರದ ಕ್ಯಾಬಿನ್ ಟೆಂಟ್ ಕಟ್ಟಲು ಹೋಗಬೇಡಿ.

ಸುರಂಗದ ಟೆಂಟ್: ಕಮಾನುಗಳು ಸಾಲಾಗಿ ನಿಂತಿರುತ್ತವೆ. ಮಲಗುವ ಕೋಣೆಯ ಮುಂದೆ ದೊಡ್ಡ ಜಗಲಿಯಂಥ ಜಾಗ ಸಿಗುವುದರಿಂದ ಕುಟುಂಬಕ್ಕೆ ಬಹಳ ಅನುಕೂಲ. ತೊಂದರೆ ಏನೆಂದರೆ ಗೂಟ ಹೊಡೆಯದೆ ಇದು ನಿಲ್ಲುವುದೇ ಇಲ್ಲ. ಬಂಡೆ, ಕಾಂಕ್ರೀಟ್ ಕಟ್ಟೆ, ಮರದ ಹಲಗೆಯ ನೆಲ ಇರುವ ಜಾಗಕ್ಕೆ ಇದನ್ನು ಒಯ್ದರೆ ಪರದಾಡಬೇಕಾಗುತ್ತದೆ. ಕಟ್ಟುವಾಗ ಕಿರಿದಾದ ತುದಿ ಗಾಳಿ ಬೀಸುವ ಕಡೆಗಿರಬೇಕು.

ಪಾಪ್-ಅಪ್: ಎಸೆದರೆ ಬಿಚ್ಚಿಕೊಳ್ಳುತ್ತದೆ, ಮಡಚುವುದಕ್ಕೆ ಅಭ್ಯಾಸ ಬೇಕು. ಅನೇಕವು ಒಂದೇ ಪದರದವು. ಒಣ ಹವೆಯ ಒಂದು ರಾತ್ರಿಗೆ ಸಾಕು, ಅದಕ್ಕಿಂತ ಹೆಚ್ಚಿನದಕ್ಕೆ ಬೇಡ.

ಗಾಳಿ ತುಂಬುವ ಕೊಳವೆಗಳಿರುವ ಟೆಂಟ್: ಪೋಲ್ ಬದಲು ಗಾಳಿಯೇ ಕಮಾನು. ಪಂಪಿನಿಂದ ಬೇಗ ಏಳುತ್ತದೆ, ಆದರೆ ಭಾರ, ಬೆಲೆಯೂ ಹೆಚ್ಚು. ಕಾರಿರುವುದರಿಂದ ಭಾರದ ಚಿಂತೆಯಿಲ್ಲ. ಕೊಳವೆಗೆ ಹಚ್ಚುವ ತೇಪೆಯ ಕಿಟ್ ಜೊತೆಗಿರಲೇಬೇಕು.

ಕಾರಿನ ಮೇಲೆ ಕಟ್ಟುವ ಟೆಂಟನ್ನು ಮೊದಲ ಪ್ರವಾಸಕ್ಕೆ ಆಲೋಚಿಸಬೇಡಿ. ಅದರ ತೂಕ 50-80 ಕೆ.ಜಿ. ಆಗಬಹುದು. ಓಡುವ ಕಾರಿನ ಮೇಲ್ಛಾವಣಿ ಎಷ್ಟು ಹೊರಬಲ್ಲದು ಎಂಬ ಮಿತಿ ಕಾರಿನ ಕೈಪಿಡಿಯಲ್ಲಿರುತ್ತದೆ, ಛಾವಣಿಗೆ ಹಾಕುವ ಅಡ್ಡಪಟ್ಟಿಗಳಿಗೂ ಬೇರೆ ಮಿತಿ ಇರುತ್ತದೆ. ಎರಡನ್ನೂ ನೋಡದೆ ಕೊಳ್ಳುವುದು ಅಪಾಯ.

ಮೊದಲ ಸಲಕ್ಕೆ ನಮ್ಮ ಸಲಹೆ ನೇರವಾದದ್ದು: ಎರಡು ಪದರದ, ತನ್ನಷ್ಟಕ್ಕೆ ನಿಲ್ಲುವ ಗುಮ್ಮಟದ ಟೆಂಟ್. ತಪ್ಪು ಮಾಡಿದರೂ ಸುಧಾರಿಸಿಕೊಳ್ಳಲು ಅವಕಾಶ ಕೊಡುವುದು ಅದೇ.

4. ಮಳೆಗೆ ತಡೆಯುತ್ತದೆಯೇ ಎಂದು ಭಾಗ ಭಾಗವಾಗಿ ನೋಡಿ

ಹೆಚ್ಚು ಸಮಯ ಕೊಡಬೇಕಾದ ಹಂತ ಇದು. ಹವಾಮಾನ ಚೆನ್ನಾಗಿದ್ದರೆ ಯಾವ ಟೆಂಟೂ ಒಳ್ಳೆಯದೇ. ರಾತ್ರಿ ಎರಡು ಗಂಟೆಗೆ ಮಳೆ ಹಿಡಿದುಕೊಂಡಾಗ ಒಳಗಿರುವವರು ಒಣಗಿರುತ್ತಾರೆಯೇ ಎಂಬುದಕ್ಕೆ ಐದು ಸಂಗತಿಗಳು ಮುಖ್ಯ.

ಮಳೆಹೊದಿಕೆಯ ಉದ್ದ. ಎರಡು ಪದರದ ಟೆಂಟಿನಲ್ಲಿ ಒಳಗಿನದು ಜಾಲರಿ ಮತ್ತು ತೆಳು ಬಟ್ಟೆ, ಮೇಲಿನದು ನೀರು ತಡೆಯುವ ಹೊದಿಕೆ. ಕೆಲವು ಅಗ್ಗದ ಟೆಂಟ್‌ಗಳಲ್ಲಿ ಈ ಹೊದಿಕೆ ಟೋಪಿಯ ಹಾಗೆ ನೆತ್ತಿಯನ್ನು ಮಾತ್ರ ಮುಚ್ಚುತ್ತದೆ. ನೇರವಾಗಿ ಬೀಳುವ ಮಳೆಗೆ ಅದು ನಡೆದೀತು. ಗಾಳಿ ಸೇರಿ ಮಳೆ ಓರೆಯಾದ ಕೂಡಲೇ ಬದಿಯ ಗೋಡೆಯಿಂದ ನೀರು ಒಳಬರುತ್ತದೆ. ಹೊದಿಕೆ ಎಲ್ಲ ಕಡೆಯಿಂದ ನೆಲಕ್ಕೆ 10-15 ಸೆಂ.ಮೀ. ಹತ್ತಿರ ಇಳಿದಿರಬೇಕು. ಫೋಟೋದಲ್ಲಿ ಒಳಗಿನ ಜಾಲರಿ ಹೊರಗಿನಿಂದಲೇ ಕಾಣುತ್ತಿದ್ದರೆ ಹೊದಿಕೆ ಹಾಕಿದ ಚಿತ್ರವನ್ನು ಹುಡುಕಿ ನೋಡಿ.

ನೀರು ತಡೆಯುವ ಅಂಕಿ. ವಿವರಪಟ್ಟಿಯಲ್ಲಿ 1500 ಮಿ.ಮೀ., 3000 ಮಿ.ಮೀ. ಎಂದು ಬರೆದಿರುತ್ತಾರೆ. ಬಟ್ಟೆಯ ಮೇಲೆ ನೀರಿನ ಕಂಬವನ್ನು ನಿಲ್ಲಿಸಿ ಎತ್ತರಿಸುತ್ತ ಹೋದರೆ, ಎಷ್ಟು ಎತ್ತರಕ್ಕೆ ನೀರು ಒಸರಲು ಶುರುವಾಗುತ್ತದೆ ಎಂಬುದರ ಅಳತೆ ಅದು. 1500 ಎಂದರೆ ಒಂದೂವರೆ ಮೀಟರ್ ನೀರಿನ ಒತ್ತಡ. ಮೇಲಿನ ಹೊದಿಕೆಗೆ 1500 ಕನಿಷ್ಠ, 2000-3000 ಇದ್ದರೆ ನೆಮ್ಮದಿ. ತಳಕ್ಕೆ ಇದಕ್ಕಿಂತ ಹೆಚ್ಚು ಬೇಕು, 3000 ಅಥವಾ ಮೇಲೆ. ಒದ್ದೆ ನೆಲದ ಮೇಲೆ ಮಂಡಿಯೂರಿದಾಗ, ಮೊಣಕೈ ಊರಿದಾಗ ಒಂದೇ ಬಿಂದುವಿನ ಮೇಲೆ ಬೀಳುವ ಒತ್ತಡ ಮಳೆಹನಿಯ ಒತ್ತಡಕ್ಕಿಂತ ಎಷ್ಟೋ ಹೆಚ್ಚಾಗಿರುತ್ತದೆ. ಹಾಗಂತ 8000, 10000 ಎಂಬ ಅಂಕಿಗೆ ಮರುಳಾಗಿ ದುಡ್ಡು ಸುರಿಯುವುದೂ ಬೇಡ, ಏಕೆಂದರೆ ಟೆಂಟ್ ಸಾಮಾನ್ಯವಾಗಿ ಸೋರುವುದು ಬಟ್ಟೆಯ ಮೂಲಕ ಅಲ್ಲ, ಹೊಲಿಗೆಯ ಮೂಲಕ.

ಹೊಲಿಗೆ. ಸೂಜಿ ಹೋದ ಪ್ರತಿ ಜಾಗವೂ ಒಂದು ತೂತು. ಒಳ್ಳೆಯ ಟೆಂಟಿನಲ್ಲಿ ಹೊಲಿಗೆಯ ಒಳಮೈಗೆ ಬಿಸಿ ಮಾಡಿ ಒತ್ತಿದ ತೆಳು ಪಟ್ಟಿ ಅಂಟಿಸಿರುತ್ತಾರೆ. ಹೊದಿಕೆಯನ್ನು ಒಳಮಗ್ಗುಲು ತಿರುಗಿಸಿ ಬೆರಳಾಡಿಸಿ ನೋಡಿ: ಪಟ್ಟಿ ಉದ್ದಕ್ಕೂ ಇದೆಯೇ, ಮೂಲೆಗಳಲ್ಲಿ ಮೇಲೆದ್ದಿದೆಯೇ? ಪಟ್ಟಿ ಇಲ್ಲದಿದ್ದರೆ ಹೊಲಿಗೆ ಮುಚ್ಚುವ ದ್ರವವನ್ನು ಬ್ರಶ್‌ನಿಂದ ನೀವೇ ಹಚ್ಚಬಹುದು. ಆದರೆ ಬಟ್ಟೆಯ ಲೇಪನ ಯಾವುದು ಎಂದು ಮೊದಲು ತಿಳಿದುಕೊಳ್ಳಿ. ಪಾಲಿಯುರೆಥೇನ್ ಲೇಪನಕ್ಕೆ ಒಂದು ದ್ರವ, ಸಿಲಿಕೋನ್ ಲೇಪನಕ್ಕೆ ಇನ್ನೊಂದು. ಒಂದರದ್ದನ್ನು ಇನ್ನೊಂದಕ್ಕೆ ಹಚ್ಚಿದರೆ ಹಿಡಿಯದೆ ಸಿಪ್ಪೆಯಾಗಿ ಎದ್ದುಬರುತ್ತದೆ. ಹಚ್ಚಿದ ಮೇಲೆ ಒಂದು ಇಡೀ ದಿನ ಒಣಗಲು ಬಿಡಿ.

ತಳದ ಅಂಚು. ತಳದ ನೀರುನಿರೋಧಕ ಬಟ್ಟೆ ನೆಲಕ್ಕೇ ಮುಗಿಯದೆ ಸುತ್ತಲೂ 10-15 ಸೆಂ.ಮೀ. ಮೇಲಕ್ಕೆ ಏರಿ ಆಮೇಲೆ ಗೋಡೆಗೆ ಸೇರಿರಬೇಕು. ತಳ ಮತ್ತು ಗೋಡೆಯ ಹೊಲಿಗೆ ಸರಿಯಾಗಿ ನೆಲದ ಮಟ್ಟದಲ್ಲೇ ಬಂದರೆ ಹರಿದುಬರುವ ನೀರು ಮೊದಲು ನುಗ್ಗುವುದು ಅಲ್ಲಿಂದಲೇ.

ಬಾಗಿಲ ಮುಂದಿನ ಚಾಚು. ಹೊದಿಕೆ ಬಾಗಿಲ ಮುಂದೆ ಚಾಚಿಕೊಂಡು ಒಂದು ಪುಟ್ಟ ಜಗಲಿ ಮಾಡಿದ್ದರೆ ಒದ್ದೆ ಚಪ್ಪಲಿ, ಬೂಟು ಅಲ್ಲೇ ಉಳಿಯುತ್ತವೆ. ಚಾಚಿಲ್ಲದ ಟೆಂಟಿನಲ್ಲಿ ಬಾಗಿಲು ತೆರೆದಾಗಲೆಲ್ಲ ಹಾಸಿಗೆಯ ಮೇಲೆ ಮಳೆ ಬೀಳುತ್ತದೆ.

ಬಟ್ಟೆಯ ವಿಷಯ ಇಲ್ಲೇ ಮುಗಿಸಿಬಿಡೋಣ. ಕಾರಿನಲ್ಲಿ ಒಯ್ಯುವ ಟೆಂಟಿಗೆ ಪಾಲಿಯೆಸ್ಟರ್ ಒಳ್ಳೆಯದು. ನೈಲಾನ್ ಒದ್ದೆಯಾದಾಗ ಹಿಗ್ಗಿ ಜೋತುಬೀಳುತ್ತದೆ, ರಾತ್ರಿ ಎದ್ದು ಹಗ್ಗ ಬಿಗಿಯಬೇಕಾಗುತ್ತದೆ. ಬಿಸಿಲಿಗೂ ಪಾಲಿಯೆಸ್ಟರ್ ಹೆಚ್ಚು ಕಾಲ ತಡೆಯುತ್ತದೆ. ಡೀನಿಯರ್ ಎಂಬುದು ನೂಲಿನ ದಪ್ಪದ ಅಳತೆ, 9000 ಮೀಟರ್ ನೂಲು ಎಷ್ಟು ಗ್ರಾಂ ತೂಗುತ್ತದೆ ಎಂಬ ಲೆಕ್ಕ. ಮೇಲ್ಹೊದಿಕೆಗೆ 68-75, ತಳಕ್ಕೆ 150ರ ಆಸುಪಾಸು ಇದ್ದರೆ ಮಕ್ಕಳ ಓಡಾಟಕ್ಕೂ ಬಾಳುತ್ತದೆ. ಹತ್ತಿ ಬೆರೆತ ಕ್ಯಾನ್ವಾಸ್ ಒಳಗೆ ತಂಪಾಗಿ, ಉಸಿರಾಡುವಂತೆ ಇರುತ್ತದೆ. ಆದರೆ ದೊಡ್ಡ ಟೆಂಟ್ 20 ಕೆ.ಜಿ. ದಾಟುವುದು ಸಾಮಾನ್ಯ. ಹೊಸ ಕ್ಯಾನ್ವಾಸನ್ನು ಪ್ರವಾಸಕ್ಕೆ ಮುಂಚೆ ಪೂರ್ತಿ ನೆನೆಸಿ ಒಣಗಿಸಬೇಕು. ನೂಲು ಉಬ್ಬಿ ಹೊಲಿಗೆಯ ತೂತುಗಳು ಮುಚ್ಚಿಕೊಳ್ಳುವುದು ಹಾಗೆ. ಒದ್ದೆಯಾಗಿ ಮಡಚಿಟ್ಟರೆ ಬಹುಬೇಗ ಬೂಷ್ಟು ಹಿಡಿಯುವುದೂ ಕ್ಯಾನ್ವಾಸೇ.

5. ಒಳಗಿನ ತೇವ ಹೊರಗೆ ಹೋಗಲು ದಾರಿ ಇದೆಯೇ?

ನಿದ್ದೆಯಲ್ಲಿ ಉಸಿರು ಮತ್ತು ಬೆವರಿನಿಂದ ಪ್ರತಿಯೊಬ್ಬರೂ ಗಾಳಿಗೆ ತೇವ ಬಿಡುತ್ತಲೇ ಇರುತ್ತಾರೆ. ಹೊರಗೆ ಚಳಿ ಹೆಚ್ಚಾದಂತೆ ಆ ತೇವ ತಣ್ಣಗಿನ ಹೊದಿಕೆಯ ಒಳಮೈಯಲ್ಲಿ ಹನಿಗಟ್ಟುತ್ತದೆ. ಎರಡು ಪದರದ ಟೆಂಟಿನಲ್ಲಿ ಈ ಹನಿ ಹೊದಿಕೆಯ ಮೇಲೆ ಜಾರಿ ನೆಲಕ್ಕೆ ಹೋಗುತ್ತದೆ, ನಿಮ್ಮ ಮೇಲೆ ಬೀಳುವುದಿಲ್ಲ. ಒಂದೇ ಪದರದ್ದರಲ್ಲಿ ನಿಮ್ಮ ಮೇಲೆಯೇ ಬೀಳುತ್ತದೆ. ಎರಡು ಪದರ ಬೇಕೆಂದು ಒತ್ತಿ ಹೇಳುವುದು ಇದಕ್ಕೇ.

ನೆತ್ತಿಯ ಬಳಿ ಕನಿಷ್ಠ ಎರಡು ಗಾಳಿಕಿಂಡಿಗಳಿರಲಿ, ಅವು ಮಳೆ ಬಂದರೂ ತೆರೆದಿಡಬಹುದಾದಂಥ ಮರೆ ಇರುವವಾಗಿರಲಿ. ಕೆಳಗೆ ಒಂದು ಕಿಂಡಿ, ಮೇಲೆ ಒಂದು ಕಿಂಡಿ ಇದ್ದರೆ ಬೆಚ್ಚಗಿನ ಗಾಳಿ ಮೇಲಿನಿಂದ ಹೋಗಿ ತಣ್ಣನೆಯದು ಕೆಳಗಿನಿಂದ ಬರುತ್ತದೆ. ಚಳಿಯೆಂದು ಎಲ್ಲವನ್ನೂ ಮುಚ್ಚಿಕೊಂಡರೆ ಬೆಳಗಾಗುವುದರೊಳಗೆ ಹೊದಿಕೆ ಪೂರ್ತಿ ಒದ್ದೆ.

ಸೋರಿಕೆಗೂ ಇದಕ್ಕೂ ವ್ಯತ್ಯಾಸ ತಿಳಿಯುವುದು ಸುಲಭ. ಹೊದಿಕೆಯ ಒಳಮೈ ಎಲ್ಲ ಕಡೆ ಒಂದೇ ಸಮನಾಗಿ ಹನಿಗಟ್ಟಿದ್ದರೆ ಅದು ಉಸಿರಿನ ತೇವ. ಒಂದು ಹೊಲಿಗೆಯ ಕೆಳಗೆ ಮಾತ್ರ ಗೆರೆಯಾಗಿ ನೀರು ಇಳಿದಿದ್ದರೆ ಸೋರಿಕೆ.

ಜಾಲರಿಯ ಕಣ್ಣು ಎಷ್ಟು ಸಣ್ಣದು ಎಂದೂ ನೋಡಿ. ಸೊಳ್ಳೆ ತಡೆಯುವ ಜಾಲರಿಯೆಲ್ಲವೂ ಕಣ್ಣಿಗೆ ಸುಲಭವಾಗಿ ಕಾಣದಷ್ಟು ಚಿಕ್ಕ ಕಚ್ಚುವ ನೊಣಗಳನ್ನು ತಡೆಯುತ್ತದೆ ಎಂದೇನಿಲ್ಲ. ನೀರಿನ ಬದಿ, ಮರಳಿನ ದಡದಲ್ಲಿ ತಂಗುವವರಿಗೆ ಅತಿ ಸಣ್ಣ ಕಣ್ಣಿನ ಜಾಲರಿಯೇ ಬೇಕು.

6. ಪೋಲ್, ಜಿಪ್, ಬಾಗಿಲು

ಪೋಲ್ ಎಂದರೆ ಒಳಗೆ ಎಲಾಸ್ಟಿಕ್ ದಾರ ಹಾಯಿಸಿದ ತುಂಡು ತುಂಡು ಕೋಲುಗಳು. ಫೈಬರ್‌ಗ್ಲಾಸ್‌ನವು ಅಗ್ಗ, ಸಾಮಾನ್ಯವಾಗಿ 8.5ರಿಂದ 11 ಮಿ.ಮೀ. ದಪ್ಪ ಇರುತ್ತವೆ. ಹೆಚ್ಚು ಬಾಗಿದರೆ ಉದ್ದುದ್ದಕ್ಕೆ ಸೀಳುತ್ತವೆ, ಸೀಳಿದ ಎಳೆಗಳು ಕೈಗೆ ಚುಚ್ಚುತ್ತವೆ. ಅಲ್ಯೂಮಿನಿಯಂ ಗಟ್ಟಿ, ಹಾಳಾದರೂ ಮೊದಲು ಬಾಗುತ್ತದೆ. ದುಡ್ಡು ಹೊಂದಿದರೆ ಅದನ್ನೇ ಆರಿಸಿ. ಯಾವುದೇ ಇರಲಿ, ಮುರಿದ ಜಾಗದ ಮೇಲೆ ತೊಡಿಸುವ ಒಂದು ಗಿಡ್ಡ ಲೋಹದ ಕೊಳವೆ ಮತ್ತು ಗಟ್ಟಿ ಅಂಟು ಟೇಪು ಚೀಲದಲ್ಲಿರಬೇಕು. ಕೊಳವೆಯ ಒಳ ಅಳತೆ ಪೋಲಿನ ದಪ್ಪಕ್ಕೆ ಹೊಂದುವುದನ್ನು ಮನೆಯಲ್ಲೇ ತೊಡಿಸಿ ನೋಡಿ.

ಜಿಪ್ ಸಣ್ಣ ವಿಷಯವೆಂದು ಬಿಡಬೇಡಿ. ಟೆಂಟಿನಲ್ಲಿ ದಿನಕ್ಕೆ ಹತ್ತಾರು ಸಲ ಎಳೆದಾಡುವ ಭಾಗ ಅದೊಂದೇ. ಅದರ ಮೇಲೆ ವೈಕೆಕೆ (YKK) ಎಂಬ ಜಿಪ್ ಕಂಪನಿಯ ಹೆಸರು ಅಚ್ಚಾಗಿದ್ದರೆ ಒಳ್ಳೆಯ ಗುರುತು. ಎಳೆದಾಗ ಪಕ್ಕದ ಬಟ್ಟೆ ಹಲ್ಲಿಗೆ ಸಿಕ್ಕಿಕೊಳ್ಳುತ್ತದೆಯೇ ನೋಡಿ, ಸಿಕ್ಕಿಕೊಳ್ಳದಂತೆ ಜಿಪ್ ಪಕ್ಕದಲ್ಲಿ ಬಿರುಸಾದ ಪಟ್ಟಿ ಹೊಲಿದಿರಬೇಕು. ಮೂವರಿಗಿಂತ ಹೆಚ್ಚು ಜನ ಮಲಗುವ ಟೆಂಟಿಗೆ ಎರಡು ಬಾಗಿಲು ಇರಲಿ. ಒಂದೇ ಇದ್ದರೆ ರಾತ್ರಿ ಒಬ್ಬರು ಹೊರಗೆ ಹೋಗಬೇಕಾದಾಗ ಎಲ್ಲರನ್ನೂ ದಾಟಿಯೇ ಹೋಗಬೇಕು.

7. ಟೆಂಟಿನ ಜೊತೆಗೇ ಕೊಳ್ಳಬೇಕಾದ್ದು

ಡಬ್ಬದೊಳಗೆ ಬರುವ ಗೂಟಗಳು ಬಹುಪಾಲು ತೆಳು ತಂತಿಯವು. ಗಟ್ಟಿ ನೆಲದಲ್ಲಿ ಬಾಗುತ್ತವೆ, ಸಡಿಲ ಮಣ್ಣಿನಲ್ಲಿ ಕಿತ್ತುಬರುತ್ತವೆ. ಸಾಮಾನ್ಯ ಮಣ್ಣಿಗೆ ವಿ ಅಥವಾ ವೈ ಆಕಾರದ ಅಡ್ಡಕೊಯ್ತ ಇರುವ ಅಲ್ಯೂಮಿನಿಯಂ ಗೂಟಗಳನ್ನು, ಕಲ್ಲು ನೆಲಕ್ಕೆ ದಪ್ಪ ಉಕ್ಕಿನವನ್ನು, ಮರಳಿಗೆ 30 ಸೆಂ.ಮೀ. ಅಥವಾ ಹೆಚ್ಚು ಉದ್ದದ ಅಗಲ ಗೂಟಗಳನ್ನು ಕೊಳ್ಳಿ. ಟೆಂಟಿನಲ್ಲಿ ಗೂಟ ಹೊಡೆಯುವ ಕುಣಿಕೆಗಳನ್ನು ಎಣಿಸಿ, ಅದಕ್ಕಿಂತ ನಾಲ್ಕು ಹೆಚ್ಚೇ ಇರಲಿ. ಒಂದು ರಬ್ಬರ್ ಸುತ್ತಿಗೆ ಬೇಕು.

ನೆಲಹಾಸಿನಲ್ಲಿ ಹೊಸಬರು ತಪ್ಪದೆ ಎಡವುತ್ತಾರೆ. ಟೆಂಟಿನ ತಳ ಹರಿಯದಿರಲಿ ಎಂದು ಕೆಳಗೆ ಟಾರ್ಪಾಲ್ ಹಾಸುವುದು ಒಳ್ಳೆಯದೇ, ಆದರೆ ಅದು ಟೆಂಟಿನ ತಳಕ್ಕಿಂತ ಎಲ್ಲ ಬದಿಯಲ್ಲೂ 5 ಸೆಂ.ಮೀ. ಚಿಕ್ಕದಾಗಿರಬೇಕು. ದೊಡ್ಡದಾಗಿ ಹೊರಗೆ ಚಾಚಿದರೆ ಹೊದಿಕೆಯಿಂದ ಇಳಿದ ಮಳೆನೀರನ್ನು ಅದೇ ಹಿಡಿದು ಟೆಂಟಿನ ಅಡಿಗೆ ತಂದು ನಿಲ್ಲಿಸುತ್ತದೆ. ದೊಡ್ಡ ಟಾರ್ಪಾಲ್ ಇದ್ದರೆ ಅಂಚನ್ನು ಕೆಳಮುಖವಾಗಿ ಒಳಗೆ ಮಡಚಿ.

ಬೆನ್ನಿಗೆ ನೆಲದ ತಂಪು ಏರದಂತೆ ಮ್ಯಾಟ್ ಬೇಕೇ ಬೇಕು. ಎಷ್ಟು ಒಳ್ಳೆಯ ಟೆಂಟ್ ಆದರೂ ನೆಲದ ಚಳಿಯನ್ನು ತಡೆಯುವುದಿಲ್ಲ.

8. ಹಳೆಯ ಟೆಂಟ್ ಕೊಳ್ಳುವುದಾದರೆ

ಮೊದಲು ಮೂಸಿ ನೋಡಿ. ಹುಳಿ ವಾಸನೆ ಬಂದು, ಹೊದಿಕೆಯ ಒಳಮೈ ಕೈಗೆ ಅಂಟಂಟಾದರೆ ಲೇಪನ ಕೊಳೆತಿದೆ ಎಂದರ್ಥ. ಒದ್ದೆಯಾಗಿ ಬಹಳ ಕಾಲ ಮಡಚಿಟ್ಟಿದ್ದಕ್ಕೆ ಪಾಲಿಯುರೆಥೇನ್ ಹೀಗಾಗುತ್ತದೆ, ಇದಕ್ಕೆ ಸುಲಭದ ರಿಪೇರಿಯಿಲ್ಲ, ಕೊಳ್ಳಬೇಡಿ. ಕಪ್ಪು ಬೂಷ್ಟಿನ ಚುಕ್ಕೆಗಳು ಪೂರ್ತಿ ಹೋಗುವುದಿಲ್ಲ. ಸತ್ತ ಎಲಾಸ್ಟಿಕ್ ದಾರ, ಹರಿದ ಜಾಲರಿ, ಕಳೆದ ಗೂಟ ಇವೆಲ್ಲ ಸರಿಪಡಿಸಬಹುದಾದವು. ಬಿಸಿಲಿಗೆ ಬಣ್ಣ ಮಾಸಿದ ಬಟ್ಟೆಯನ್ನು ಎರಡು ಕೈಯಲ್ಲಿ ಹಿಡಿದು ಎಳೆದು ನೋಡಿ, ಸವೆದ ನೂಲು ಸುಲಭವಾಗಿ ಹರಿಯುತ್ತದೆ. ಮೊದಲ ಪ್ರವಾಸಕ್ಕೆ ಪರಿಚಯದವರಿಂದ ಎರವಲು ತಂದರೂ ಇದೇ ಪರೀಕ್ಷೆ ಮಾಡಿ.

9. ಹೊರಡುವ ಮೊದಲು ಒಮ್ಮೆ ಕಟ್ಟಿ, ನೀರು ಹೊಡೆದು ನೋಡಿ

ಪ್ರವಾಸಕ್ಕೆ ಒಂದು ವಾರ ಇರುವಾಗಲೇ ಅಂಗಳದಲ್ಲೋ ಮೈದಾನದಲ್ಲೋ ಕಟ್ಟಿ ನೋಡಿ. ಏನಾದರೂ ಕಡಿಮೆ ಇದ್ದರೆ ತರಿಸಿಕೊಳ್ಳಲು ಸಮಯ ಇರುತ್ತದೆ.

ಮೊದಲು ಎಲ್ಲ ಭಾಗಗಳನ್ನೂ ನೆಲಕ್ಕೆ ಹರಡಿ ಎಣಿಸಿ. ತಳವನ್ನು ಚಪ್ಪಟೆಯಾಗಿ ಹಾಸಿ. ಪೋಲ್‌ಗಳ ಪ್ರತಿ ಕೀಲೂ ಪೂರ್ತಿ ಕೂತಿದೆಯೇ ಎಂದು ಕೈಯಿಂದ ಒತ್ತಿ ನೋಡಿ. ಅರ್ಧ ಕೂತ ಕೀಲಿನ ಮೇಲೆ ಬಾಗಿಸಿದರೆ ಅಲ್ಲೇ ಸೀಳುತ್ತದೆ, ಹೆಚ್ಚಿನ ಪೋಲ್‌ಗಳು ಮುರಿಯುವುದು ಹೀಗೆ. ಪೋಲನ್ನು ಬಟ್ಟೆಯ ತೋಳಿನೊಳಗೆ ತಳ್ಳಿಯೇ ಹಾಯಿಸಬೇಕು, ಆ ತುದಿಯಿಂದ ಎಳೆದರೆ ತುಂಡುಗಳು ಒಳಗೇ ಕಳಚಿಕೊಳ್ಳುತ್ತವೆ. ಹೊದಿಕೆ ಹಾಕುವಾಗ ಬಾಗಿಲ ಜಿಪ್‌ಗಳು ಮುಚ್ಚಿರಲಿ, ಇಲ್ಲದಿದ್ದರೆ ಬಿಗಿದ ಮೇಲೆ ಮುಚ್ಚಿಕೊಳ್ಳುವುದಿಲ್ಲ.

ಹಗ್ಗಗಳನ್ನು ಹೊಲಿಗೆಯ ಗೆರೆಯ ನೇರಕ್ಕೆ ಎಳೆದು ಕಟ್ಟಿ. ಗೂಟದ ತಲೆ ಟೆಂಟಿನಿಂದ ಆಚೆಗೆ, ಮೊನೆ ಟೆಂಟಿನ ಕಡೆಗೆ ಇರುವಂತೆ ಓರೆಯಾಗಿ ಹೊಡೆಯಬೇಕು. ಉಲ್ಟಾ ಹೊಡೆದರೆ ಹಗ್ಗದ ಎಳೆತಕ್ಕೆ ಜಾರಿ ಬರುತ್ತದೆ. ಎಲ್ಲ ಮುಗಿದ ಮೇಲೆ ಹೊದಿಕೆ ಸುಕ್ಕಿಲ್ಲದೆ ಬಿಗಿದಿದೆಯೇ, ಒಳಗೋಡೆಗೂ ಹೊದಿಕೆಗೂ ನಡುವೆ ನಾಲ್ಕು ಬೆರಳಿನ ಸಂದು ಇದೆಯೇ ನೋಡಿ.

ಈಗ ನೀರಿನ ಪೈಪು. ಒತ್ತಡದ ಧಾರೆ ಬೇಡ, ಮಳೆಯಂತೆ ಮೇಲಿನಿಂದ ಬೀಳುವ ಹಾಗೆ ಹದಿನೈದು ನಿಮಿಷ ಸುರಿಸಿ. ಒಬ್ಬರು ಒಳಗೆ ಕೂತು ಟಾರ್ಚ್ ಹಾಕಿ ಹೊಲಿಗೆಗಳು, ಜಿಪ್, ಮೂಲೆಗಳನ್ನು ನೋಡುತ್ತಿರಲಿ. ತೇವ ಕಂಡ ಜಾಗಕ್ಕೆ ಚಾಕ್‌ಪೀಸಿನಿಂದ ಗುರುತು ಹಾಕಿ, ಒಣಗಿದ ಮೇಲೆ ಹೊಲಿಗೆಯ ದ್ರವ ಹಚ್ಚಿ.

ಬಿಚ್ಚುವಾಗ ಪೋಲನ್ನು ತುದಿಯಿಂದ ಮಡಚಬೇಡಿ, ನಡುವಿನ ಕೀಲಿನಿಂದ ಶುರುಮಾಡಿ. ಎಲಾಸ್ಟಿಕ್ ದಾರದ ಎಳೆತ ಎರಡೂ ಕಡೆಗೆ ಸಮನಾಗಿ ಹಂಚಿಹೋಗುತ್ತದೆ. ಸಾಧ್ಯವಾದರೆ ಇನ್ನೊಮ್ಮೆ ಸಂಜೆಗತ್ತಲಲ್ಲಿ ಟಾರ್ಚ್ ಬೆಳಕಿನಲ್ಲಿ ಕಟ್ಟಿ ನೋಡಿ, ದಾರಿಯಲ್ಲಿ ತಡವಾದರೆ ಮಾಡಬೇಕಾದದ್ದು ಅದನ್ನೇ.

10. ಅಲ್ಲಿಗೆ ಹೋದ ಮೇಲೆ

ಸುತ್ತಲಿನ ನೆಲಕ್ಕಿಂತ ತುಸು ಎತ್ತರದ, ಸಮತಟ್ಟಾದ ಜಾಗ ಹುಡುಕಿ. ತಗ್ಗು ಎಷ್ಟೇ ಮೆತ್ತಗೆ ಹುಲ್ಲಿನಿಂದ ಕೂಡಿದ್ದರೂ ಮಳೆ ಬಂದರೆ ನೀರು ನಿಲ್ಲುವುದು ಅಲ್ಲೇ. ತಲೆ ಎತ್ತಿ ಮೇಲೂ ನೋಡಿ: ಒಣಗಿದ ಕೊಂಬೆ ಇರುವ ಮರದ ಕೆಳಗೆ ಕಟ್ಟಬೇಡಿ. ಕಲ್ಲು, ಮುಳ್ಳು, ಕಡ್ಡಿ ಆರಿಸಿ ತೆಗೆಯಿರಿ. ಬಾಗಿಲು ಗಾಳಿ ಬೀಸುವ ದಿಕ್ಕಿಗೆ ಎದುರಾಗಿರದಂತೆ ನೋಡಿಕೊಳ್ಳಿ. ಕಾರನ್ನು ಗಾಳಿ ಬರುವ ಕಡೆ ನಿಲ್ಲಿಸಿದರೆ ಸ್ವಲ್ಪ ಮರೆ ಸಿಗುತ್ತದೆ, ಆದರೆ ಅದರ ಹೊಗೆಕೊಳವೆ ಟೆಂಟಿನ ಕಡೆಗಿರಬಾರದು, ಹಗ್ಗವನ್ನು ಕಾರಿಗೆ ಕಟ್ಟಲೂ ಬಾರದು.

ಟೆಂಟಿನೊಳಗೆ, ಅದರ ಜಗಲಿಯಲ್ಲೂ, ಸ್ಟೌ, ಇದ್ದಿಲು, ಗ್ಯಾಸ್ ಹೀಟರ್, ಮೇಣದಬತ್ತಿ ಯಾವುದನ್ನೂ ಉರಿಸಬೇಡಿ. ಬೆಂಕಿ ಹತ್ತುವ ಭಯ ಒಂದಾದರೆ, ಉರಿಯುವುದರಿಂದ ಹೊರಡುವ ಕಾರ್ಬನ್ ಮಾನಾಕ್ಸೈಡ್ ಇನ್ನೊಂದು. ಆ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ನಿದ್ದೆಯಲ್ಲಿದ್ದವರಿಗೆ ಎಚ್ಚರವೇ ಆಗದೆ ಜೀವ ತೆಗೆಯುತ್ತದೆ. ಅಡುಗೆ ಮುಗಿದು ಆರಿದಂತೆ ಕಾಣುವ ಇದ್ದಿಲೂ ಅದನ್ನು ಬಿಡುತ್ತಲೇ ಇರುತ್ತದೆ, ಬೆಚ್ಚಗಿರಲಿ ಎಂದು ಒಳಗೆ ತಂದಿಡಲೇಬೇಡಿ. ಬಾಗಿಲು ತೆರೆದಿಟ್ಟರೆ ಪರವಾಗಿಲ್ಲ ಎನ್ನುವುದೂ ತಪ್ಪು ತಿಳಿವಳಿಕೆ. ಚಳಿಗೆ ಇನ್ನೊಂದು ಕಂಬಳಿ ತನ್ನಿ, ಬೆಳಕಿಗೆ ಬ್ಯಾಟರಿ ದೀಪ ಬಳಸಿ.

11. ಮಡಚುವುದು, ಇಡುವುದು

ಬೆಳಿಗ್ಗೆ ಹೊದಿಕೆ ಇಬ್ಬನಿಯಿಂದ ಒದ್ದೆಯಾಗಿಯೇ ಇರುತ್ತದೆ. ಬಿಸಿಲು ಬಂದು ಒಣಗುವವರೆಗೆ ಕಾಯಲು ಆದರೆ ಕಾಯಿರಿ. ಆಗದಿದ್ದರೆ ಒದ್ದೆ ಹೊದಿಕೆಯನ್ನು ಒಂದು ಪ್ಲಾಸ್ಟಿಕ್ ಚೀಲಕ್ಕೆ ಬೇರೆಯಾಗಿ ತುರುಕಿ, ಒಣಗಿರುವ ಒಳಭಾಗದ ಜೊತೆ ಸುತ್ತಬೇಡಿ. ಮನೆಗೆ ಬಂದ ದಿನವೇ, ಹೆಚ್ಚೆಂದರೆ ಮರುದಿನದೊಳಗೆ, ಬಿಚ್ಚಿ ನೆರಳಿನಲ್ಲಿ ಹರವಿ. ಮಣ್ಣಿದ್ದರೆ ಬರೀ ನೀರು, ಸ್ಪಂಜಿನಿಂದ ಒರೆಸಿ. ವಾಷಿಂಗ್ ಮಷೀನ್ ಮತ್ತು ಬಟ್ಟೆ ಸೋಪಿನ ಪುಡಿ ಎರಡೂ ಲೇಪನವನ್ನು ಕೆಡಿಸುತ್ತವೆ. ಜಿಪ್‌ನ ಹಲ್ಲುಗಳಲ್ಲಿ ಸಿಕ್ಕ ಮರಳನ್ನು ಹಳೆಯ ಹಲ್ಲುಜ್ಜುವ ಬ್ರಶ್‌ನಿಂದ ತೆಗೆಯಿರಿ. ಪೂರ್ತಿ ಒಣಗಿದ ಮೇಲೆ ಕಂಪನಿಯ ಬಿಗಿ ಚೀಲಕ್ಕಿಂತ ದೊಡ್ಡದಾದ ಹತ್ತಿಯ ಚೀಲದಲ್ಲಿ ಸಡಿಲವಾಗಿ ಇಡಿ. ಕಾರಿನ ಡಿಕ್ಕಿಯಲ್ಲಿ ಬಿಟ್ಟರೆ ಬಿಸಿಲಿನ ಕಾವಿಗೆ ಲೇಪನ ಬೇಗ ಹಾಳಾಗುತ್ತದೆ. ಕಡಿಮೆಯಾದ ಗೂಟಗಳನ್ನು ಎಣಿಸಿ, ಅವತ್ತೇ ತಂದು ಚೀಲಕ್ಕೆ ಸೇರಿಸಿ.